ಒಂದು ಹನಿ ಹಾಲು, ಒಂದು ಟಾರ್ಚ್: ಬೆಳಕಿನ ದಾರಿ ನೋಡೋದು ಹೀಗೆ

ರಾತ್ರಿ ಲೈಟ್ ಆರಿಸಿ. ಗಾಜಿನ ಲೋಟದ ತುಂಬ ನೀರು ಹಾಕಿ, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ನೀರೊಳಗೆ ಬೆಳಕು ಹೋಗುವ ದಾರಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಅಲ್ವಾ?

ಈಗ ಒಂದೇ ಒಂದು ಹನಿ ಹಾಲು ಹಾಕಿ ಕಲಕಿ. ಹೊಗೆಯಂಥ ಕಂಬವೊಂದು ಎದ್ದು ಕಾಣುತ್ತದೆ, ಯಾಕೆಂದರೆ ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ಸಣ್ಣ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿ, ಅದರಲ್ಲಿ ಸ್ವಲ್ಪವನ್ನು ನಮ್ಮ ಕಣ್ಣಿಗೂ ತಂದು ಹಾಕುತ್ತವೆ. ಪಕ್ಕದಿಂದ ನೋಡಿ, ತೆಳು ನೀಲಿ. ಟಾರ್ಚಿನ ಎದುರು ಬದಿಯಿಂದ ನೋಡಿ, ಸಂಜೆ ಸೂರ್ಯನ ಹಳದಿ. ನೀಲಿ ಜಾಸ್ತಿ ಚೆದುರುತ್ತದೆ, ಹಳದಿ-ಕೆಂಪು ನೇರ ದಾಟಿ ಬರುತ್ತದೆ, ಅಷ್ಟೇ. ಕೆನೆ ತೆಗೆದ ಹಾಲಾದರೆ ಇನ್ನೂ ಚೆಂದ. ನಾನು ಮೊದಲ ಸಲ ಅರ್ಧ ಚಮಚ ಸುರಿದುಬಿಟ್ಟೆ, ಬಿಳಿ ಬಿಟ್ಟರೆ ಏನೂ ಕಾಣಲಿಲ್ಲ!

ಇನ್ನೊಂದು ಪ್ರಯೋಗ ಇದರ ಉಲ್ಟಾ, ಕಾಣುವುದನ್ನೇ ಮಾಯ ಮಾಡುವುದು. ಬೋರೋಸಿಲಿಕೇಟ್ ಗಾಜಿನ (ಲ್ಯಾಬ್‌ಗಳಲ್ಲಿ ಬಳಸುವ, ಬಿಸಿ ತಡೆಯುವ ಗಾಜು) ಟೆಸ್ಟ್ ಟ್ಯೂಬನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿ, ಒಳಗೂ ಎಣ್ಣೆ ತುಂಬಲಿ. ಟ್ಯೂಬ್ ಮಾಯ! ಗಾಜು, ಎಣ್ಣೆ ಎರಡರ ವಕ್ರೀಭವನ ಸೂಚ್ಯಂಕವೂ (ವಸ್ತುವೊಂದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.47, ಹಾಗಾಗಿ ಬೆಳಕು ಗಾಜಿನ ಅಂಚಿನಲ್ಲಿ ಬಾಗುವುದೂ ಇಲ್ಲ, ಹೊಳೆಯುವುದೂ ಇಲ್ಲ. ನೀರಿನದು 1.33, ಅದಕ್ಕೇ ನೀರಲ್ಲಿ ಟ್ಯೂಬ್ ಕಾಣುತ್ತದೆ. ಮಾಮೂಲಿ ಗಾಜಾದರೆ ಸುಮಾರು 1.52, ಅಂಚು ಮಸುಕಾಗಿ ಉಳಿಯುತ್ತದೆ.

ನೋಟು ಪರೀಕ್ಷಿಸುವ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ, ಚಿಟಿಕೆ ಅರಿಶಿನವನ್ನು ಸ್ಯಾನಿಟೈಸರ್‌ನಲ್ಲಿ ಕದಡಿ, ಅದರ ಮೇಲೆ ಆ ಟಾರ್ಚ್ ಬಿಟ್ಟು ನೋಡಿ. ಹಸಿರು-ಹಳದಿಯಾಗಿ ತಾನೇ ಬೆಳಗುತ್ತದೆ. ಟಾರ್ಚನ್ನು ಕಣ್ಣಿಗೆ ಮಾತ್ರ ಬಿಡಬೇಡಿ, ಸ್ಯಾನಿಟೈಸರನ್ನು ಬೆಂಕಿಯಿಂದ ದೂರ ಇಡಿ.