ಎರೆ ಹೊಲದಲ್ಲಿ ಕಲಿತದ್ದು, ಕೆಂಪು ಮಣ್ಣಿನಲ್ಲಿ ಮಾಡಿದ್ದು

ಬೆಂಗಳೂರಿನಲ್ಲಿ ಹೊಸದಾಗಿ ಗಿಡ ಬೆಳೆಸುವವರು ಮೊದಲು ಕೇಳುವುದು ಗೊಬ್ಬರದ ಬಗ್ಗೆ. "ನೀವು ಏನು ಹಾಕ್ತೀರಾ?" ಅಂತ. ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಮಣ್ಣಿನ ಮೇಲೆ ಒಂದು ಬಕೆಟ್ ನೀರು ಸುರಿದರೆ ಅದು ಎಲ್ಲಿಗೆ ಹೋಗುತ್ತೆ? ಗೊಬ್ಬರದ ಮಾತು ಆಮೇಲೆ.

ನಾನು ಹುಟ್ಟಿದ್ದು ಗದಗ ಜಿಲ್ಲೆಯ ರೋಣದ ಕಡೆ. ಸುತ್ತ ಎರೆ ಹೊಲ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಅದೇ ನೆಲ ಬಿರಿದು ಕೈ ಹೋಗುವಷ್ಟು ಬಾಯಿ ಬಿಡುತ್ತಿತ್ತು. ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆದರೆ ಹಿಡಿದಿಟ್ಟ ನೀರನ್ನು ಬೇಗ ಬಿಡುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಹುಪಾಲು ಆ ಹಸಿಯಲ್ಲೇ ಬೆಳೆದು ನಿಲ್ಲುತ್ತಿದ್ದವು. ಅಜ್ಜ ಕಳೆ ಇಲ್ಲದಿದ್ದರೂ ಎಡೆ ಹೊಡೆಯುತ್ತಿದ್ದ, ಅಂದರೆ ಬೆಳೆಯ ಸಾಲುಗಳ ನಡುವೆ ಕುಂಟೆ ಆಡಿಸುತ್ತಿದ್ದ. ಯಾಕೆ ಅಂದರೆ, "ಮ್ಯಾಲಿನ ಮಣ್ಣು ಒಡದ್ರ ತಳದ ಹಸಿ ಉಳೀತದವ್ವಾ" ಅನ್ನುತ್ತಿದ್ದ. ಬಿರುಕು ಮುಚ್ಚಿದರೆ ನೆಲದೊಳಗಿನ ತೇವ ಆರಿ ಹೋಗುವ ದಾರಿ ಕಡಿಮೆ. ಪುಸ್ತಕದಲ್ಲಿ ಇದನ್ನು ಓದಿದ್ದು ತುಂಬಾ ತಡವಾಗಿ.

ಆಮೇಲೆ ಅಪ್ಪನಿಗೆ ಶಿರಸಿಗೆ ವರ್ಗವಾಯಿತು. ಅಲ್ಲಿ ಎಲ್ಲವೂ ಉಲ್ಟಾ. ಜುಲೈ ಪೂರ್ತಿ ಮಳೆ ಸುರಿದರೂ ಅಂಗಳದಲ್ಲಿ ನೀರು ನಿಲ್ಲುತ್ತಿರಲಿಲ್ಲ. ಜಂಬಿಟ್ಟಿಗೆ ನೆಲ, ನೀರು ಸೀದಾ ಕೆಳಗಿಳಿಯುತ್ತದೆ. ಹೋಗುವಾಗ ಮಣ್ಣಿನ ಸತ್ವವನ್ನೂ ಜೊತೆಗೆ ಒಯ್ಯುತ್ತದೆ. ಅದಕ್ಕೇ ಅಡಿಕೆ ತೋಟದವರು ವರ್ಷವರ್ಷ ಬೆಟ್ಟದ ಸೊಪ್ಪು ತಂದು ಹಾಸುತ್ತಿದ್ದರು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಇರುವುದು ಸುಮ್ನೆ ಅಲ್ಲ. ಪಕ್ಕದ ಮನೆಯ ಅತ್ತೆಯ ಬಸಳೆ ಚಪ್ಪರದ ಬುಡದಲ್ಲೂ ದರಕು, ಅಂದರೆ ಒಣಗಿದ ಎಲೆ, ಇದ್ದೇ ಇರುತ್ತಿತ್ತು. "ನೆಲ ಬೋಳು ಬಿಡಬೇಡ ತಂಗೀ" ಅನ್ನುತ್ತಿದ್ದರು.

ಈಗ ಕೆಂಗೇರಿ ಕಡೆ ಮನೆ. ಹಿಂದೆ ಒಂದಿಷ್ಟು ಜಾಗ, ಕೆಂಪು ಮಣ್ಣು. ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ವಾ? ಸುಮಾರು 300 ಕೋಟಿ ವರ್ಷದ ಹಳೇ ಕಲ್ಲು. ಈ ಊರಿನ ಕೆಂಪು ಮಣ್ಣು ಅಂಥ ಕಲ್ಲು ಸವೆದು ಆದದ್ದು. ಬಣ್ಣ ಕಬ್ಬಿಣದ್ದು. ಇದು ಎರೆಯಂತೆ ನೀರು ಕೂಡಿಡುವುದಿಲ್ಲ. ಶಿರಸಿಯ ನೆಲದಂತೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಬೋಳಾಗಿದ್ದರೆ ದಪ್ಪ ಹನಿಯ ಮಳೆಗೆ ಮೇಲೆ ತೆಳು ಹೆಪ್ಪಳಿಕೆ, ಅಂದರೆ ಗಟ್ಟಿ ಪದರ, ಕಟ್ಟುತ್ತದೆ. ಆಮೇಲೆ ಬಿದ್ದ ನೀರೆಲ್ಲ ಮೋರಿಗೆ. ಮೇಲೆ ಒದ್ದೆ, ಎರಡು ಇಂಚು ಕೆಳಗೆ ಒಣ ಪುಡಿ.

ನಾನು ಮೊದಲು ಮಾಡಿದ್ದು ಗುಂಡಿ ಪರೀಕ್ಷೆ. ಅಲ್ಲಲ್ಲಿ ಒಂದಡಿ ಆಳ ತೋಡಿ ನೀರು ತುಂಬಿಸಿದೆ. ಇಂಗಿದ ಮೇಲೆ ಮತ್ತೆ ತುಂಬಿಸಿ, ಎಷ್ಟು ಹೊತ್ತಲ್ಲಿ ಇಳಿಯುತ್ತೆ ನೋಡಿದೆ. ಎರಡನೇ ಸಲದ್ದೇ ನಿಜವಾದ ಲೆಕ್ಕ, ಒಣ ಮಣ್ಣು ಮೊದಲು ಸುಮ್ಮನೆ ಕುಡಿಯುತ್ತದೆ. ಜೊತೆಗೆ ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿಟ್ಟೆ. ಮರಳು ನಿಮಿಷದೊಳಗೆ ಕೂರುತ್ತದೆ, ಜೇಡಿ ಕೂರಲು ಒಂದು ದಿನವಾದರೂ ಬೇಕು. ಯಾವುದು ಎಷ್ಟಿದೆ ಅನ್ನುವುದು ಪದರ ನೋಡಿದರೆ ಗೊತ್ತಾಗುತ್ತದೆ.

ಗೋಡೆ ಪಕ್ಕದ ಗುಂಡಿಯಲ್ಲಿ ಮಾತ್ರ ಬೆಳಗಾದರೂ ನೀರು ನಿಂತಿತ್ತು. ಅಗೆದರೆ ಇಟ್ಟಿಗೆ ಚೂರು, ಗಾರೆ, ಸಿಮೆಂಟು ಗಟ್ಟಿ. ಬೆಂಗಳೂರಿನ ಸೈಟುಗಳಲ್ಲಿ ಇದು ಮಾಮೂಲು. ಅಲ್ಲಿದ್ದ ದಾಸವಾಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಕಬ್ಬಿಣದಿಂದಲೇ ಕೆಂಪಾದ ಮಣ್ಣಲ್ಲಿ ಕಬ್ಬಿಣದ ಕೊರತೆ! ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾದರೆ ಇರುವ ಕಬ್ಬಿಣವೂ ಬೇರಿಗೆ ಎಟಕುವುದಿಲ್ಲ. ಗಡುಸು ಬೋರ್‌ವೆಲ್ ನೀರು ಅದನ್ನು ಇನ್ನೂ ಹೆಚ್ಚಿಸುತ್ತದೆ. ಕಸ ತೆಗೆದು, ಆ ಜಾಗಕ್ಕೆ ಬೇರೆ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದೆ. ಸೂರಿನ ನೀರಿಗೆ ಡ್ರಮ್ ಇಟ್ಟು, ದಾಸವಾಳಕ್ಕೂ ನಿಂಬೆಗೂ ಮಳೆನೀರನ್ನೇ ಹಾಕಿದೆ. ಹೊಸ ಚಿಗುರು ಹಸಿರಾಗಿ ಬಂತು. ಹಳದಿಯಾಗಿದ್ದ ಎಲೆಗಳೇನೂ ಪೂರ್ತಿ ಸುಧಾರಿಸಲಿಲ್ಲ.

ಉಳಿದ ಜಾಗಕ್ಕೆ ಅಜ್ಜನದು ಅರ್ಧ, ಅತ್ತೆಯದು ಅರ್ಧ. ಮಳೆ ನಿಂತು ಮಣ್ಣು ಅರೆ ಒಣಗಿದಾಗ ಕೈಗುದ್ದಲಿಯಿಂದ ಮೇಲಿನ ಹೆಪ್ಪಳಿಕೆ ಒಡೆಯುತ್ತೇನೆ, ಆಳಕ್ಕೆ ಹೋಗದೆ. ಅದರ ಮೇಲೆ ಒಂದು ಗೇಣು ತರಗೆಲೆ. ಫೆಬ್ರವರಿ-ಮಾರ್ಚಿನಲ್ಲಿ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸುವ ಅಕ್ಕಂದಿರನ್ನು ಕೇಳಿದರೆ ಖುಷಿಯಿಂದ ಚೀಲ ತುಂಬಿ ಕೊಡುತ್ತಾರೆ, ಅವರಿಗೂ ಹೊರುವ ಭಾರ ಕಡಿಮೆ. ಪ್ಲಾಸ್ಟಿಕ್ ಆರಿಸಿ ತೆಗೆಯಬೇಕು ಅಷ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಎಲೆ ಕರಗಿ, ಎರೆಹುಳು ತಾವಾಗಿಯೇ ಬಂದಿರುತ್ತವೆ. ಹುಳು ಕೊಂಡು ತಂದು ಬಿಡುವುದು ದಂಡ ಅಂತ ನನ್ನ ಅಭಿಪ್ರಾಯ.

ಕೆರೆ ಗೋಡು, ಅಂದರೆ ಕೆರೆ ತಳದ ಹೂಳು, ತಂದು ಹಾಕಿ ಅಂತ ಹಿರಿಯರು ಹೇಳುತ್ತಾರೆ. ಹಳ್ಳಿ ಕೆರೆಯದಾದರೆ ಚಿನ್ನದಂಥ ಮಣ್ಣು. ಚರಂಡಿ ನೀರು ಸೇರುವ ನಗರದ ಕೆರೆಯದಾದರೆ, ತಿನ್ನುವ ಸೊಪ್ಪು ತರಕಾರಿಗೆ ನಾನಂತೂ ಮುಟ್ಟುವುದಿಲ್ಲ.

ಬಸಳೆ ಇಲ್ಲಿ ಚೆನ್ನಾಗಿಯೇ ಬರುತ್ತದೆ, ಬೇಸಿಗೆಯಲ್ಲಿ ನೆರಳು ಕೇಳುತ್ತದೆ ಅಷ್ಟೆ. ಈ ಮಣ್ಣಿಗೆ ಹೇಳಿ ಮಾಡಿಸಿದ್ದು ಅವರೆ. ಜುಲೈ-ಆಗಸ್ಟಿನಲ್ಲಿ ನಾಟಿ ಬೀಜ ಹಾಕಿದರೆ, ಹಗಲು ಚಿಕ್ಕದಾದ ಮೇಲೆ ಹೂ ಬಿಟ್ಟು ಸಂಕ್ರಾಂತಿಯ ಹೊತ್ತಿಗೆ ಕಾಯಿ. ಬೇಗ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ, ಹೂವಿಗೆ ಅಷ್ಟೂ ದಿನ ಕಾಯಬೇಕು. ಅವರೆಗೆ ಗೊಬ್ಬರ ಜಾಸ್ತಿ ಬೇಡ. ಗಾಳಿಯ ಸಾರಜನಕವನ್ನು ಅದರ ಬೇರುಗಂಟುಗಳೇ ಹಿಡಿಯುತ್ತವೆ. ಕೊಯ್ಲಾದ ಮೇಲೆ ಗಿಡ ಕೀಳದೆ ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಬಿಟ್ಟು, ಅದೇ ಜಾಗಕ್ಕೆ ದಂಟಿನ ಸೊಪ್ಪಿನ ಬೀಜ ಚೆಲ್ಲುತ್ತೇನೆ.