ಮಾತಿನ ನಡುವಿನ ಸದ್ದು: ಮನೆಯೊಳಗಿನ ದೃಶ್ಯಕ್ಕೆ ಶಬ್ದ ಹಿಡಿಯುವುದು, ಜೋಡಿಸುವುದು

ಕಿರುಚಿತ್ರ ಮಾಡುವವರು ಲೆನ್ಸ್ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಮೈಕ್ ವಿಷಯ ಬಂದರೆ ‘ಕ್ಯಾಮೆರಾದಲ್ಲಿರೋದೇ ಸಾಕು’ ಅಂದುಬಿಡುತ್ತಾರೆ. ಚಿತ್ರ ತುಸು ಮಸುಕಾಗಿದ್ದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಬಾವಿಯೊಳಗಿಂದ ಬಂದಂತೆ ಕೇಳಿದರೆ ಸಹಿಸುವುದಿಲ್ಲ.

ನಮ್ಮಲ್ಲಿ ದಶಕಗಳ ಕಾಲ ಮಾತನ್ನೆಲ್ಲ ಸ್ಟುಡಿಯೋದಲ್ಲೇ ಡಬ್ ಮಾಡಿದ್ದಕ್ಕೆ ಒಂದು ದೊಡ್ಡ ಕಾರಣ ಆರಿಫ್ಲೆಕ್ಸ್ 2ಸಿ ಕ್ಯಾಮೆರಾದ ಗದ್ದಲ. ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಆ ತೊಂದರೆ ಇಲ್ಲ. ಹಾಗಾಗಿ ನಾನು ಸಿಂಕ್ ಸೌಂಡನ್ನೇ, ಅಂದರೆ ಶೂಟಿಂಗ್ ನಡೆಯುವಾಗಿನ ಮಾತನ್ನೇ, ಹಿಡಿಯುತ್ತೇನೆ. ಪಾತ್ರಧಾರಿ ಆ ಕ್ಷಣದಲ್ಲಿ ಎಳೆದುಕೊಂಡ ಉಸಿರನ್ನು ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ತರುವುದು ತೀರಾ ಕಷ್ಟ.

ಲೊಕೇಶನ್ ನೋಡಲು ಹೋಗುವುದಾದರೆ ಶೂಟಿಂಗ್ ನಡೆಯುವ ಹೊತ್ತಿಗೇ ಹೋಗಬೇಕು. ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತರೆ ಪಕ್ಕದ ಮನೆಯ ಮಿಕ್ಸಿ, ಬೋರ್‌ವೆಲ್ ಪಂಪು, ಯುಪಿಎಸ್ ಗುಂಯ್‌ಗುಡುವುದು ಎಲ್ಲ ಗೊತ್ತಾಗುತ್ತದೆ. ಫ್ಯಾನು, ಫ್ರಿಜ್ ಆಫ್ ಮಾಡಿಸುತ್ತೇನೆ. ಫ್ರಿಜ್ ಆಫ್ ಮಾಡಿದವರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಬೇಕು. ಮನೆಗೆ ಹೊರಡುವಾಗ ಆನ್ ಮಾಡಲು ಮರೆಯುವ ಪ್ರಶ್ನೆಯೇ ಬರುವುದಿಲ್ಲ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆಯ ಹಜಾರವಾದರೆ ಕ್ಯಾಮೆರಾ ಕಣ್ಣಿಗೆ ಬೀಳದ ಕಡೆಯೆಲ್ಲ ಜಮಖಾನ ಹಾಸಿ, ಎದುರು ಗೋಡೆಗೆ ದಪ್ಪ ರಜಾಯಿ ತೂಗುಹಾಕಬೇಕು. ಪ್ರತಿಧ್ವನಿಯನ್ನು ಅಲ್ಲೇ ಕೊಲ್ಲಬೇಕು. ಎಡಿಟಿಂಗ್‌ನಲ್ಲಿ ತೆಗೆಯಹೊರಟರೆ ಧ್ವನಿಯ ಜೀವವೂ ಜೊತೆಗೆ ಹೋಗುತ್ತದೆ.

ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ತಲೆಯ ಮೇಲಿಂದ, ಬಾಯಿಯ ಕಡೆ ಓರೆಯಾಗಿ, 45ರಿಂದ 60 ಸೆಂಟಿಮೀಟರ್ ದೂರದಲ್ಲಿರಲಿ. ದೂರ ಎರಡು ಪಟ್ಟಾದರೆ ನೇರ ಧ್ವನಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಗೋಡೆಗೆ ತಾಗಿ ಬರುವ ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಾತು ದೂರದ್ದೆನಿಸುವುದು ಇದರಿಂದಲೇ, ವಾಲ್ಯೂಮ್ ಏರಿಸಿದರೆ ಸರಿಹೋಗುವುದಿಲ್ಲ. ಸಣ್ಣ ಕೋಣೆಯಲ್ಲಿ ಉದ್ದನೆಯ ಕೊಳವೆಯಂಥ ಶಾಟ್‌ಗನ್ ಮೈಕಿಗಿಂತ ಹೈಪರ್‌ಕಾರ್ಡಿಯಾಯ್ಡ್ (ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವ ಗಿಡ್ಡ) ಮೈಕ್ ಸಹಜವಾಗಿ ಕೇಳಿಸುತ್ತದೆ. ರೆಕಾರ್ಡರ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್; ಮಾತಿನ ಶಿಖರ ಮೀಟರಿನಲ್ಲಿ ಮೈನಸ್ 12 ಡಿಬಿ ಆಸುಪಾಸು, ಸೊನ್ನೆ ಮೀರಿದರೆ ಧ್ವನಿ ಒಡೆಯುತ್ತದೆ. ರಿಹರ್ಸಲ್‌ನಲ್ಲಿ ಪಿಸುಗುಟ್ಟಿದವರು ಟೇಕ್‌ನಲ್ಲಿ ಕೂಗುವುದುಂಟು, ಅದಕ್ಕಾಗಿ ಮೇಲಿನ ಆ ಜಾಗ ಖಾಲಿ ಇರಬೇಕು.

ವೈಡ್ ಶಾಟ್‌ಗೆ ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್), ಗದ್ದದಿಂದ ಒಂದು ಗೇಣು ಕೆಳಗೆ. ಹತ್ತಿ ಸೀರೆ ಒಳ್ಳೆಯದು, ರೇಷ್ಮೆ ಸರಪರ ಅನ್ನುತ್ತದೆ. ಬಟ್ಟೆ ಮೈಕಿಗೆ ಉಜ್ಜದಂತೆ ಎರಡೂ ಬದಿಗೆ ಟೇಪನ್ನು ತ್ರಿಕೋನಾಕಾರಕ್ಕೆ ಮಡಚಿ ಅಂಟಿಸಬೇಕು. ಸರ, ತಾಳಿ ಮೈಕಿಗೆ ಬಡಿಯದಂತೆ ಒಳಗಿನಿಂದ ಟೇಪ್ ಹಾಕಬೇಕು. ಗಾಜಿನ ಬಳೆ ಮಾತಿನ ಮೇಲೇ ಬೀಳುತ್ತಿದ್ದರೆ ಬಳೆಗಳನ್ನು ಪಾರದರ್ಶಕ ಟೇಪಿನಿಂದ ಒಟ್ಟಿಗೆ ಹಿಡಿಸಿ, ಶಾಟ್ ಮುಗಿದ ಮೇಲೆ ಬಳೆ ಸದ್ದನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಹಾಗೆ ಸೇರಿಸುವಾಗ ಕರಾರುವಾಕ್ಕಾಗಿ ಕೂರಿಸಲಾಗದಿದ್ದರೆ ಒಂದು ಫ್ರೇಮ್ ತಡವಾಗಿರಲಿ, ಮುಂಚೆ ಬೇಡ. ಶಬ್ದ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೇ ಕಣ್ಣಿಗೆ ತಿಳಿಯುತ್ತದೆ. ಹಿಂದೆ ಬಿದ್ದರೆ 125ರವರೆಗೂ ತಿಳಿಯುವುದಿಲ್ಲ. ಸೆಕೆಂಡಿಗೆ 24 ಫ್ರೇಮ್ ಇದ್ದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್.

ರೂಮ್ ಟೋನ್ ಇಲ್ಲದೆ ಪ್ಯಾಕಪ್ ಇಲ್ಲ. ಲೈಟುಗಳು ಉರಿಯುತ್ತಿರಬೇಕು, ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಮೈಕ್ ಇದ್ದ ಜಾಗದಲ್ಲೇ ಇರಬೇಕು: 60 ಸೆಕೆಂಡ್, ಯಾರೂ ಮಾತಾಡದ ಕೋಣೆಯ ಸದ್ದು, ಅದೇ ರೂಮ್ ಟೋನ್. ಇದಿಲ್ಲದೆ ಎರಡು ಮಾತುಗಳ ನಡುವೆ ಶಬ್ದ ಪೂರ್ತಿ ಸೊನ್ನೆಗಿಳಿದರೆ ನೋಡುಗರಿಗೆ ಕಾರಣ ಗೊತ್ತಾಗದು, ಆದರೆ ಅಡುಗೆಮನೆ ಹೋಗಿ ಸೆಟ್ ಆಗಿಬಿಟ್ಟಿರುತ್ತದೆ. ಇಡೀ ದೃಶ್ಯದ ಕೆಳಗೆ ಈ ಟೋನ್ ಹಾಸಿ, ಪ್ರತಿ ಕಟ್‌ನಲ್ಲೂ ಎರಡರಿಂದ ನಾಲ್ಕು ಫ್ರೇಮಿನ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವುದು) ಕೊಡುತ್ತೇನೆ.

ಇಷ್ಟಾದ ಮೇಲೆಯೇ ನಿಜವಾದ ಕೆಲಸ. ತಾಯಿ ಹುರುಳಿಕಾಯಿ ಹೆಚ್ಚುತ್ತಿದ್ದಾಳೆ, ಮಗಳು ‘ನಾನು ವಾಪಸ್ ಬರಲ್ಲ’ ಅನ್ನುತ್ತಾಳೆ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಮಾತಾಡುವವರ ಮುಖಕ್ಕೆ ಕಟ್ ಮಾಡುತ್ತಾರೆ. ನಾನು ತಾಯಿಯ ಮೇಲೇ ನಿಲ್ಲುತ್ತೇನೆ. ಮಗಳ ಮಾತು ಚೌಕಟ್ಟಿನ ಹೊರಗಿನಿಂದ ಬರುತ್ತದೆ. ಚಾಕುವಿನ ಟಕಟಕ ‘ವಾಪಸ್’ ಮೇಲೆ ನಿಲ್ಲಬಾರದು, ಅದು ನಾಟಕವಾಗುತ್ತದೆ. ಮಾತು ಮುಗಿದು ಇನ್ನೆರಡು ಏಟು ಬೀಳಲಿ, ಆಮೇಲೆ ನಿಲ್ಲಲಿ. ಕೈ ಮೊದಲು ಅಭ್ಯಾಸದಿಂದ ನಡೆಯಿತು, ಅರ್ಥ ಆಮೇಲೆ ತಟ್ಟಿತು ಎಂಬುದನ್ನು ಆ ಎರಡು ಏಟೇ ಹೇಳುತ್ತವೆ. ಚಾಕು ನಿಂತ ಮೇಲೆ ಸದ್ದನ್ನೆಲ್ಲ ತೆಗೆದರೆ ಮೌನ ಹುಟ್ಟುವುದಿಲ್ಲ. ಕೋಣೆಯ ಟೋನ್ 3 ಡಿಬಿ ಇಳಿಸಿ, ಇಷ್ಟು ಹೊತ್ತು ಮರೆಯಾಗಿದ್ದ ನಲ್ಲಿಯ ಹನಿಯನ್ನೋ ದೂರದ ಕಾಗೆಯನ್ನೋ ಮೇಲೆ ತಂದರೆ ನೋಡುಗರ ಕಿವಿ ತಾನಾಗಿ ಮುಂದೆ ಬಾಗುತ್ತದೆ. ಮಗಳ ಮುಖಕ್ಕೆ ಕಟ್ ತಾಯಿಯ ಉತ್ತರ ಶುರುವಾದ ಎಂಟ್ಹತ್ತು ಫ್ರೇಮ್ ಬಳಿಕ: ಆ ಮಾತು ಯಾರ ಮೇಲೆ ಬೀಳುತ್ತಿದೆಯೋ ಅವಳನ್ನು ನೋಡಬೇಕು. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಬಸ್‌ಸ್ಟ್ಯಾಂಡಿನ ಸದ್ದು ಒಂದು ಸೆಕೆಂಡ್ ಮೊದಲೇ ಅಡುಗೆಮನೆಗೆ ನುಗ್ಗಿದರೆ ಸಾಕು, ಮಗಳು ಹೊರಟಾಗಿದೆ. ಈ ಉಪಾಯವನ್ನು ಪ್ರತಿ ಕಟ್‌ನಲ್ಲೂ ಬಳಸಿದರೆ ಲಯ ಗೊತ್ತಾಗಿ ಬಲ ಕಳೆದುಕೊಳ್ಳುತ್ತದೆ.

ಕೊನೆಗೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿ. 50 ಹರ್ಟ್ಸ್ ಗುಡುಗು ಅದರಲ್ಲಿ ಬರುವುದೇ ಇಲ್ಲ. ಭಯವನ್ನು ಅದರ ಮೇಲೇ ಕಟ್ಟಿದ್ದರೆ ದೃಶ್ಯ ಪೊಳ್ಳಾಗುತ್ತದೆ. ಯೂಟ್ಯೂಬ್‌ಗಾದರೆ ಒಟ್ಟು ಲೌಡ್‌ನೆಸ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಸುತ್ತ ಇರಲಿ, ಅದಕ್ಕಿಂತ ಜೋರಾಗಿ ಹಾಕಿದರೆ ಅವರೇ ತಗ್ಗಿಸುತ್ತಾರೆ.