ತೊಗರಿ ಕೊಯ್ದ ಮೇಲೂ ಶ್ರೀಗಂಧ ಉಳಿಯಬೇಕಾದರೆ

ಶ್ರೀಗಂಧ ತನ್ನ ಬೇರನ್ನಷ್ಟೇ ನಂಬಿ ಬದುಕುವ ಮರವಲ್ಲ. ಪಕ್ಕದ ಗಿಡದ ಬೇರಿಗೆ ಅಂಗಿ ಗುಂಡಿಯಂಥ ಹೀರುಬೇರು ಅಂಟಿಸಿ ನೀರು, ಸಾರಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ನಾನು ಬೆಳೆಸುವುದು ಎರಡು ಗಿಡ: ಒಂದು ಗಂಧ, ಇನ್ನೊಂದು ಅದರ ಆಸರೆ. ಕಲಬುರಗಿ ಕಡೆಯವರಿಗೆ ಮೊದಲ ಆಸರೆ ಹುಡುಕಬೇಕಿಲ್ಲ, ತೊಗರಿ ಮನೆಯಲ್ಲೇ ಇರುತ್ತದೆ. ಕಷ್ಟ ಬರುವುದು ತೊಗರಿ ಮುಗಿದ ಮೇಲೆ.

ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಗಂಧ ಬೇಡ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಎಳೆ ಬೇರು ಹರಿಯುತ್ತದೆ. ಬೀದರ್ ಕಡೆಯ ಜಂಬಿಟ್ಟಿಗೆ ಮಣ್ಣು, ಚಿಂಚೋಳಿ ಗುಡ್ಡದಂಚಿನ ಮಸಾರಿ ಅಂದರೆ ಕೆಂಪು ಮಣ್ಣು, ಕಲ್ಲುಮಿಶ್ರಿತ ಇಳಿಜಾರು ಒಳ್ಳೆಯದು. ಜೋಳಕ್ಕೆ ಬಾರದ ಕಲ್ಲುನೆಲದ ಮರಡಿಯೂ ನಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೆ.

ಬೀಜಕ್ಕೆ ಏಪ್ರಿಲ್-ಮೇ ತಿಂಗಳ ಹಣ್ಣು ಆರಿಸುತ್ತೇನೆ. ಮರಕ್ಕೆ ಕನಿಷ್ಠ 15-20 ವರ್ಷ ಆಗಿರಬೇಕು. ಕಪ್ಪಾದ ಹಣ್ಣನ್ನು ನೀರಲ್ಲಿ ಕಿವುಚಿ, ತಿರುಳು ತೆಗೆದು, ನೆರಳಲ್ಲಿ ಒಣಗಿಸಬೇಕು. ಕೆ.ಜಿ.ಗೆ ಸುಮಾರು 6,000 ಬೀಜ ಬರುತ್ತವೆ. ಬಿದ್ದ ಬೀಜ ಎರಡು ತಿಂಗಳು ಸುಪ್ತವಾಗಿರುತ್ತದೆ, ಅವಸರ ಮಾಡಿದರೆ ಏಳುವುದಿಲ್ಲ. ಒಂಬತ್ತು ತಿಂಗಳು ದಾಟಿದರೆ ಮೊಳಕೆ ಶಕ್ತಿ ಕುಸಿಯುತ್ತದೆ. ಅಕ್ಟೋಬರ್ ಮೊದಲ ವಾರ ಮಡಿಗೆ ಹಾಕಿದರೆ ಮುಂದಿನ ಮುಂಗಾರಿಗೆ ಸಸಿ ಸಿದ್ಧ.

ಬಿತ್ತುವ ಹಿಂದಿನ ರಾತ್ರಿ ಬೀಜವನ್ನು ಮೊಳಕೆ ಎಬ್ಬಿಸುವ ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸುತ್ತೇನೆ, ಲೀಟರ್ ನೀರಿಗೆ 500 ಮಿಲಿಗ್ರಾಂ. ಪುಡಿ ನೇರವಾಗಿ ನೀರಲ್ಲಿ ಕರಗದೆ ತೇಲುತ್ತದೆ. ಮೊದಲು ಒಂದೆರಡು ಚಮಚ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ನೀರಿಗೆ ಬೆರೆಸಬೇಕು. ಮಡಿಗೆ ಮೂರು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು. 10 ಮೀಟರ್ ಉದ್ದ, 1 ಮೀಟರ್ ಅಗಲದ ಮಡಿಗೆ ಎರಡೂವರೆ ಕೆ.ಜಿ. ಬೀಜ. ಮೇಲೆ ಹುಲ್ಲು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಬೇಕು. ಎಲ್ಲ ಒಟ್ಟಿಗೆ ಏಳುವುದಿಲ್ಲ. ತಿಂಗಳ ಮೇಲೆ ಶುರುವಾಗಿ ಮೂರು ತಿಂಗಳವರೆಗೂ ಏಳುತ್ತಲೇ ಇರುತ್ತವೆ. ಮಡಿಯಲ್ಲಿ ಸಸಿಗಳನ್ನು ಕೊಲ್ಲುವುದು ಶಿಲೀಂಧ್ರ ಮತ್ತು ಜಂತುಹುಳು, ಅದೂ ಜೊತೆಯಾಗಿ. ಮಣ್ಣಿಗೆ ಮೊದಲೇ ಬೇವಿನ ಹಿಂಡಿ ಸೇರಿಸಿ, ಹದಿನೈದು ದಿನಕ್ಕೊಮ್ಮೆ ಲೀಟರ್‌ಗೆ 2 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸುತ್ತೇನೆ.

ನಾಲ್ಕು ಎಲೆ ಬಂದಾಗ ಸಸಿಯನ್ನು 30 ಸೆಂ.ಮೀ. ಎತ್ತರದ ಚೀಲಕ್ಕೆ ದಾಟಿಸಬೇಕು. ಮರಳು ಎರಡು ಪಾಲು, ಕೆಂಪು ಮಣ್ಣು ಒಂದು, ತಿಪ್ಪೆಗೊಬ್ಬರ ಒಂದು. ಕಿತ್ತ ಸಸಿಯ ಬೇರು ಒಣಗಕೂಡದು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಒಂದೊಂದೇ ತೆಗೆಯಿರಿ. ಅದೇ ದಿನ ಚೀಲದ ಅಂಚಿಗೆ ಎರಡು ತೊಗರಿ ಕಾಳು ಊರುತ್ತೇನೆ. ಸೊರಗು ರೋಗ ತಡೆಯುವ ಟಿಎಸ್-3ಆರ್ ತಳಿಯ ತೊಗರಿ ಆದರೆ ಒಳ್ಳೆಯದು. ಆಸರೆಯೇ ಸೊರಗಿದರೆ ಗಂಧ ಎಲ್ಲಿಗೆ ಹೋಗಬೇಕು? ಚಳಿಗಾಲದ ಕಡಿಮೆ ಹಗಲಿಗೆ ತೊಗರಿ ಗಿಡ್ಡವಾಗಿಯೇ ಹೂ ಬಿಡುತ್ತದೆ, ಗಂಧವನ್ನು ಮುಚ್ಚುವುದಿಲ್ಲ. ಹೂ ಚಿವುಟಿ, ಗಂಧಕ್ಕಿಂತ ಎತ್ತರಕ್ಕೆ ಹೋದ ತುದಿ ಕತ್ತರಿಸಿ. ಆ ತೊಗರಿ ಬಲಿತು ಒಣಗುವ ಮೊದಲೇ ಇನ್ನೊಂದು ಕಾಳು ಊರಿಬಿಡಬೇಕು. ಆರೇಳು ತಿಂಗಳಿಗೆ ಸಸಿ ಒಂದು ಅಡಿ ಎತ್ತರವಾಗಿ, ಕಾಂಡ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಹಸಿರಿದ್ದರೆ ಹೊಲಕ್ಕೆ ಒಯ್ಯಬೇಡಿ.

ಹೊಲದಲ್ಲಿ ಒಂದೂವರೆ ಅಡಿಯ ಗುಂಡಿ, ಗಿಡಕ್ಕೆ ಗಿಡ 3 ಮೀಟರ್, ಸಾಲಿಗೆ ಸಾಲು 4 ಮೀಟರ್. ಚೀಲದ ತೊಗರಿ ಸಮೇತವೇ ನಾಟಿ. ಸಾಲಿನ ನಡುವೆ ತೊಗರಿ ಬಿತ್ತಿದರೆ ಫಸಲೂ ಸಿಗುತ್ತದೆ, ಆಸರೆಯೂ ಆಗುತ್ತದೆ. ಆದರೆ ಡಿಸೆಂಬರ್-ಜನವರಿಯಲ್ಲಿ ತೊಗರಿ ಕೊಯ್ದು, ಕಟ್ಟಿಗೆಯನ್ನು ಬೇರು ಸಮೇತ ಕಿತ್ತು ಒಲೆಗೆ ಒಯ್ದರೆ ಗಂಧದ ಹೀರುಬೇರುಗಳೆಲ್ಲ ಒಮ್ಮೆಗೇ ಸಾಯುತ್ತವೆ. ಫೆಬ್ರುವರಿಯಲ್ಲಿ ಎಲೆ ಹಳದಿ, ಏಪ್ರಿಲ್‌ನಲ್ಲಿ 42 ಡಿಗ್ರಿ ಬಿಸಿಲು, ಗಿಡ ಮುಗಿಯಿತು. ಎಷ್ಟು ನೀರು ಬಿಟ್ಟರೂ ತಿರುಗುವುದಿಲ್ಲ, ಹೀರುವ ಬಾಯಿಯೇ ಹೋಗಿರುತ್ತದೆ.

ಇದಕ್ಕೆ ಎರಡು ಕೆಲಸ ಮಾಡುತ್ತೇನೆ. ಗಂಧ ನೆಡುವ ದಿನವೇ ಪ್ರತಿ ಎರಡು ಗಂಧದ ನಡುವೆ ಒಂದು ದೀರ್ಘಕಾಲದ ಆಸರೆ, ಸರ್ವೆ ಮರ ಇಲ್ಲವೇ ಹೊಂಗೆ. ಒಣ ಮರಡಿಗೆ ನನ್ನ ಆಯ್ಕೆ ಹೊಂಗೆ. ಸರ್ವೆ ಬೇಗ ಬೆಳೆದರೂ ಹನಿ ನೀರಾವರಿ ಇಲ್ಲದೆ ನಮ್ಮ ಬಿಸಿಲಿಗೆ ನಿಲ್ಲುವುದು ಕಷ್ಟ. ಎರಡನೆಯದು, ಗಂಧದ ಬುಡದ ಸುತ್ತ ಮೂರಡಿಯೊಳಗಿನ ತೊಗರಿ ಕೀಳುವುದಿಲ್ಲ. ಸೊಂಟದೆತ್ತರಕ್ಕೆ ಕೊಯ್ದು ಕಾಯಿ ತೆಗೆದು, ಬುಡಕ್ಕೆ ವಾರಕ್ಕೊಮ್ಮೆ ನೀರು ಕೊಟ್ಟರೆ ಮತ್ತೆ ಚಿಗುರಿ ಬೇಸಿಗೆ ದಾಟಿಸುತ್ತದೆ. ಅಷ್ಟರಲ್ಲಿ ಹೊಂಗೆ ಬೇರು ಹತ್ತಿರ ಬಂದಿರುತ್ತದೆ.

ಹೊಂಗೆ ಗಂಧವನ್ನು ಮುಚ್ಚತೊಡಗಿದರೆ ಟೊಂಗೆ ಸವರಿ ಹೊಲದಲ್ಲೇ ಹಾಸಿ. ಗಂಧಕ್ಕೆ ಮಾತ್ರ ಕತ್ತಿ ಹೆಚ್ಚು ಬೇಡ, ಗಾಯದಲ್ಲಿ ಕೊಳೆ ಸೇರುತ್ತದೆ. ಕಾಂಡದಲ್ಲಿ ಸಣ್ಣ ರಂಧ್ರ, ಬುಡದಲ್ಲಿ ಮರದ ಪುಡಿಯಂಥ ಹಿಕ್ಕೆ ಕಂಡರೆ ಕಾಂಡ ಕೊರಕ ಹುಳು ಒಳಗಿದೆ ಎಂದರ್ಥ. ತಂತಿ ತೂರಿಸಿ ಕೊಂದು, ರಂಧ್ರ ಮಣ್ಣಿನಿಂದ ಮುಚ್ಚಬೇಕು. ಮೂರನೆಯ ಬೇಸಿಗೆ ಕಳೆದ ಮೇಲೆ ನೀರು ಕ್ರಮೇಣ ನಿಲ್ಲಿಸುತ್ತೇನೆ. ನೀರು ಗೊಬ್ಬರ ಸುರಿದರೆ ಕಾಂಡ ದಪ್ಪವಾಗುತ್ತದೆಯೇ ಹೊರತು ಒಳಗೆ ಚೇಗು, ಅಂದರೆ ಪರಿಮಳದ ಒಳಮರ, ಅಷ್ಟಾಗಿ ಕಟ್ಟುವುದಿಲ್ಲ, ಬೆಲೆ ಇರುವುದು ಚೇಗಿಗೆ.

ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಗಂಧಕ್ಕೆ ಜಮೀನಿನವನೇ ಒಡೆಯ. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೆಟ್ಟ ವರ್ಷವೇ ಪಹಣಿಯಲ್ಲಿ ಗಿಡಗಳ ಸಂಖ್ಯೆ ಬರೆಸಿಬಿಡಿ.